ಎಲ್ಲರ ದೂರು, ಯಾರ ದಾವೆ?

ಸ್ವೀಡಿಶ್ ಕಾನೂನಿನಲ್ಲಿ 'ತಾಲೆರೆಟ್' ಎಂಬ ಪದವಿದೆ. ಕೋರ್ಟಿನಲ್ಲಿ ದಾವೆ ಹೂಡಲು ಒಬ್ಬರಿಗೆ ಅಧಿಕಾರವಿದೆಯೇ ಎಂಬ ಪ್ರಶ್ನೆ ಬಂದಾಗ ಬಳಸುವ ಪದ. ಬಿಡಿಸಿ ನೋಡಿದರೆ 'ಮಾತಾಡುವ ಹಕ್ಕು' ಎಂದಾಗುತ್ತದೆ. ನಮ್ಮ ಕಡೆಯ ವಕೀಲರು ಇದೇ ಸಂಗತಿಗೆ 'ಲೋಕಸ್ ಸ್ಟ್ಯಾಂಡಿ' ಎಂಬ ಲ್ಯಾಟಿನ್ ಮಾತನ್ನು ಬಳಸುತ್ತಾರೆ. ಅದು 'ನಿಲ್ಲುವ ಜಾಗ'. ಇನ್ನೊಂದು ಸ್ವೀಡಿಶ್ ಪದ 'ಸಾಕೇಗರೆ'. ವಿಷಯದ ಒಡೆಯ ಎಂದು ಅರ್ಥ, ಅಂದರೆ ವ್ಯಾಜ್ಯ ಯಾರಿಗೆ ಸೇರಿದ್ದೋ ಅವರು. ಕನ್ನಡದ ಕಿವಿಗೆ ಇದು ಸಾಲಗಾರ, ಹೂಗಾರ, ಬಳೆಗಾರರ ಸಾಲಿನಲ್ಲಿ ಕೂರಬಹುದಾದ ಪದದಂತೆ ಕೇಳುತ್ತದೆ. ಈ ದೇಶಕ್ಕೆ ಬಂದ ಹೊಸತರಲ್ಲಿ ಇಂಥ ಪದಗಳನ್ನು ಗುಡ್ಡೆ ಹಾಕಿಕೊಳ್ಳುವುದು ನನಗೊಂದು ಹವ್ಯಾಸವಾಗಿತ್ತು. ಈಗ ಇವೆರಡು ಬೇರೆ ಕಾರಣಕ್ಕೆ ಕಾಡುತ್ತಿವೆ. ಭೂಮಿಯ ಹವೆ ಕೆಟ್ಟಿದೆ ಎಂಬ ದೂರಿಗೆ ಒಡೆಯರು ಯಾರು? ಆ ದೂರನ್ನು ಹಿಡಿದು ಮಾತಾಡುವ ಹಕ್ಕು ಯಾರದ್ದು?

2025ರ ಫೆಬ್ರವರಿ 19ರಂದು ಸ್ವೀಡನ್ನಿನ ಸುಪ್ರೀಂ ಕೋರ್ಟ್ ಈ ಪ್ರಶ್ನೆಗೆ ಒಂದು ಉತ್ತರ ಕೊಟ್ಟಿತು. 'ಔರೋರಾ' ಎಂದು ಹೆಸರಾದ ಪ್ರಕರಣ ಅದು. 2022ರ ನವೆಂಬರ್ 25ರಂದು ಆರುನೂರಕ್ಕೂ ಹೆಚ್ಚು ಮಕ್ಕಳು ಮತ್ತು ಎಳೆಯ ವಯಸ್ಸಿನವರು ಸ್ಟಾಕ್‌ಹೋಮಿನಲ್ಲಿ ಮೆರವಣಿಗೆ ನಡೆಸಿ ಸ್ವೀಡನ್ ಸರಕಾರದ ಮೇಲೆ ದಾವೆ ಹೂಡಿದ್ದರು. ಗುಂಪಿನ ಪರವಾಗಿ ಆಂಟನ್ ಫೋಲಿ ಎಂಬ ಯುವಕನ ಹೆಸರಿತ್ತು. ಗುಂಪಿನೊಳಗೆ ಗ್ರೆಟಾ ಥನ್‌ಬರ್ಗ್ ಕೂಡ ಇದ್ದಳು. ಅವರ ವಾದ ಸರಳವಾಗಿತ್ತು. ಯೂರೋಪಿನ ಮಾನವ ಹಕ್ಕುಗಳ ಒಪ್ಪಂದ 1995ರಿಂದ ಈ ದೇಶದ ಕಾನೂನೇ ಆಗಿದೆ. ಅದು ಜೀವಕ್ಕೂ ಖಾಸಗಿ ಬದುಕಿಗೂ ಆಸ್ತಿಗೂ ರಕ್ಷಣೆ ಕೊಡುತ್ತದೆ. ಹೊಗೆ ಕಡಿಮೆ ಮಾಡುವುದರಲ್ಲಿ ಸರಕಾರ ತನ್ನ ಪಾಲಿನ ಕೆಲಸ ಮಾಡುತ್ತಿಲ್ಲ. ಆದ್ದರಿಂದ ನಮ್ಮ ಹಕ್ಕಿಗೆ ಚ್ಯುತಿ ಬಂದಿದೆ ಎಂದು ಘೋಷಿಸಿ, ಮಾಡಬೇಕಾದ್ದನ್ನು ಮಾಡುವಂತೆ ಆದೇಶಿಸಿ. ದಾವೆ ನಾಕಾ ಜಿಲ್ಲಾ ನ್ಯಾಯಾಲಯದ ಮುಂದೆ ಬಂತು. ಇಂಥದ್ದನ್ನು ವಿಚಾರಣೆಗೆ ತೆಗೆದುಕೊಳ್ಳಬಹುದೇ ಎಂಬ ಒಂದು ಪ್ರಶ್ನೆಯನ್ನು ಆ ನ್ಯಾಯಾಲಯ ನೇರವಾಗಿ ಸುಪ್ರೀಂ ಕೋರ್ಟಿಗೆ ಕಳಿಸಿತು. ಎರಡು ವರ್ಷಗಳ ಮೇಲೆ ಬಂದ ಉತ್ತರ ಇಷ್ಟು: ಈ ರೂಪದಲ್ಲಿ ಸಾಧ್ಯವಿಲ್ಲ.

ಮರುದಿನದ ಪತ್ರಿಕೆಗಳಲ್ಲಿ ಎರಡು ಬಗೆಯ ಪ್ರತಿಕ್ರಿಯೆ ಇತ್ತು. ನ್ಯಾಯಾಧೀಶರು ಹೆದರಿದರು ಎಂದು ಒಂದು ಕಡೆ, ರಾಜಕೀಯವನ್ನು ಕೋರ್ಟಿನ ಹೊರಗೆ ಇಟ್ಟರು ಎಂದು ಇನ್ನೊಂದು ಕಡೆ. ಎರಡೂ ನನಗೆ ಅವಸರದ ಮಾತಾಗಿ ಕಂಡವು. ಸಾಹಿತ್ಯದ ವಿದ್ಯಾರ್ಥಿಯಾಗಿದ್ದವನಿಗೆ ತೀರ್ಪನ್ನೂ ಒಂದು ಬರಹದಂತೆ ಓದುವ ಚಟ. ಆ ಓದಿನಲ್ಲಿ ನನಗೆ ಕಂಡದ್ದು ಹೆದರಿಕೆಯಲ್ಲ, ಒಂದು ಹಳೆಯ ವ್ಯಾಕರಣ. ಕೋರ್ಟಿನ ವಾಕ್ಯಕ್ಕೆ ಒಬ್ಬ ಕರ್ತೃ ಬೇಕು, ಒಬ್ಬ ಕರ್ಮ ಬೇಕು, ನಡುವೆ ಸಕರ್ಮಕ ಕ್ರಿಯಾಪದ ಬೇಕು. ಇವನು ಅವನ ಗದ್ದೆ ಒತ್ತಿದ. ಈ ಕಾರ್ಖಾನೆ ಆ ಬಾವಿ ಕೆಡಿಸಿತು. ಹವೆಯ ಬದಲಾವಣೆಯಲ್ಲಿ ಕರ್ತೃ ಕೋಟಿಗಟ್ಟಲೆ, ಕರ್ಮವೂ ಕೋಟಿಗಟ್ಟಲೆ, ಕ್ರಿಯಾಪದ ನೂರಾರು ವರ್ಷಗಳ ಉದ್ದಕ್ಕೆ ಚಾಚಿಕೊಂಡಿದೆ.

ಕೋರ್ಟ್ ಹೇಳಿದ್ದನ್ನು ನ್ಯಾಯವಾಗಿಯೇ ಇಲ್ಲಿ ಇಡಬೇಕು. ಒಂದು, ಸಂಸತ್ತೋ ಸರಕಾರವೋ ಇಂಥದ್ದೇ ಕ್ರಮ ಕೈಗೊಳ್ಳಬೇಕೆಂದು ನ್ಯಾಯಾಲಯ ವಿಧಿಸಲಾರದು. ಯಾವ ಕ್ರಮ ಎನ್ನುವುದನ್ನು ಚುನಾಯಿತರೇ ನಿರ್ಧರಿಸಬೇಕು. ಎರಡು, ಒಬ್ಬ ವ್ಯಕ್ತಿ ಹವಾಮಾನದ ವಿಷಯದಲ್ಲಿ ಸರಕಾರದ ಮೇಲೆ ಹೋಗಬೇಕಾದರೆ ತನಗೆ ತಟ್ಟಿದ ಕೆಡುಕಿಗೂ ಸರಕಾರದ ಲೋಪಕ್ಕೂ ಇರುವ ನಂಟನ್ನು ಬಹಳ ಬಿಗಿಯಾಗಿ ತೋರಿಸಬೇಕು. ಆ ಮಟ್ಟ ತುಂಬ ಎತ್ತರದ್ದು. ಮೂರು, ಕೆಲವು ಷರತ್ತುಗಳನ್ನು ಪೂರೈಸುವ ಸಂಘವೊಂದು ಬಂದರೆ ಮಾತು ಬೇರೆ ಆಗಬಹುದು. ಮೊದಲನೆಯದಕ್ಕೆ ನನ್ನ ತಕರಾರು ಇಲ್ಲ. ಡೀಸೆಲ್‌ನಲ್ಲಿ ಎಷ್ಟು ಪಾಲು ಸಸ್ಯಜನ್ಯ ಇಂಧನ ಬೆರೆಸಬೇಕೆಂದು ನ್ಯಾಯಾಧೀಶರು ಕೂತು ಲೆಕ್ಕ ಹಾಕುವ ದೇಶದಲ್ಲಿ ಇರಲು ನನಗೂ ಇಷ್ಟವಿಲ್ಲ. ತಕರಾರು ಇರುವುದು ಎರಡನೆಯದರಲ್ಲಿ.

ಏಕೆಂದರೆ ಆ ಬಾಗಿಲಿನಿಂದ ಹಿಂದಿರುಗಿದವರಲ್ಲಿ ಈ ಮಕ್ಕಳು ಮೊದಲಿಗರಲ್ಲ. 2016ರಲ್ಲಿ ಸ್ವೀಡನ್ ಸರಕಾರದ ವಿದ್ಯುತ್ ಕಂಪನಿ ವಾಟೆನ್‌ಫಾಲ್ ಜರ್ಮನಿಯಲ್ಲಿದ್ದ ತನ್ನ ಕಂದು ಕಲ್ಲಿದ್ದಲಿನ ಗಣಿ ಮತ್ತು ಸ್ಥಾವರಗಳನ್ನು ಮಾರಿ ಕೈತೊಳೆದುಕೊಂಡಿತು. ಕೊಂಡವರು ಅದನ್ನು ಉರಿಸುತ್ತಲೇ ಇರುತ್ತಾರೆ, ಆದ್ದರಿಂದ ಮಾರಾಟವೇ ತಪ್ಪು ಎಂದು ಯುವಜನರ ಎರಡು ಸಂಘಟನೆಗಳು ದಾವೆ ಹೂಡಿದವು. 2017ರಲ್ಲಿ ಸ್ಟಾಕ್‌ಹೋಮ್ ಜಿಲ್ಲಾ ನ್ಯಾಯಾಲಯ ಅದನ್ನು ತಳ್ಳಿಹಾಕಿತು: ನಿಮಗೇನೂ ನಷ್ಟವಾಗಿಲ್ಲವಲ್ಲ. ಮರುವರ್ಷ ಸಾಮಿ ಯುವಜನರ ಸಂಘ 'ಸಾಮಿನುವೊರ್ರಾ' ಯೂರೋಪಿನ ಬೇರೆಬೇರೆ ಕಡೆಯ ಕುಟುಂಬಗಳ ಜೊತೆ ಸೇರಿ ಐರೋಪ್ಯ ಒಕ್ಕೂಟದ ನ್ಯಾಯಾಲಯಕ್ಕೆ ಹೋಯಿತು. ಹಿಮಸಾರಂಗಗಳ ಮೇವು ಕೆಡುತ್ತಿದೆ, ಒಕ್ಕೂಟದ ಗುರಿ ಸಾಲದು ಎಂಬುದು ದೂರು. ಅಲ್ಲಿ ಸಿಕ್ಕ ಉತ್ತರ ಇನ್ನೂ ವಿಚಿತ್ರ. ಹವಾಮಾನ ಒಂದಲ್ಲ ಒಂದು ಬಗೆಯಲ್ಲಿ ಎಲ್ಲರನ್ನೂ ತಟ್ಟುತ್ತದೆ. ಹಾಗಾಗಿ ನೀವು ಉಳಿದವರಿಗಿಂತ ಬೇರೆಯಾಗಿ, ವೈಯಕ್ತಿಕವಾಗಿ ಬಾಧಿತರು ಎನ್ನಲಾಗದು. 2021ರ ಮಾರ್ಚ್ 25ರಂದು ಮೇಲ್ಮನವಿಯೂ ಬಿದ್ದುಹೋಯಿತು. ಅಂದರೆ ಕೆಡುಕು ಹೆಚ್ಚು ಜನರಿಗೆ ತಟ್ಟಿದಷ್ಟೂ ದೂರುವ ಹಕ್ಕು ಕಡಿಮೆ. ಒಬ್ಬನ ಕಾಲು ತುಳಿದರೆ ಖಟ್ಲೆ, ಊರಿನ ಕಾಲನ್ನೆಲ್ಲ ತುಳಿದರೆ ನೀತಿ!

ಯುವಜನರಿಗೆ ಕೋರ್ಟಿನ ಬಾಗಿಲು ಪೂರ್ತಿ ಮುಚ್ಚಿತ್ತು ಎಂದರೆ ಮಾತ್ರ ಸುಳ್ಳಾಗುತ್ತದೆ. 2023ರ ಜುಲೈ 24ರಂದು ಮಾಲ್ಮೋ ನ್ಯಾಯಾಲಯ ಗ್ರೆಟಾ ಥನ್‌ಬರ್ಗ್‌ಳ ಮಾತನ್ನು ಕೇಳಿತು. ತೈಲ ಬಂದರಿನ ರಸ್ತೆಗೆ ಅಡ್ಡ ಕೂತು ಪೊಲೀಸರು ಏಳು ಎಂದರೂ ಏಳದ ಆರೋಪಿಯಾಗಿ. ತುರ್ತು ಪರಿಸ್ಥಿತಿ ಇದೆ, ಅದಕ್ಕೇ ಕೂತೆ ಎಂದು ಅವಳು ಹೇಳಿದಳು. ಕೋರ್ಟ್ ಒಪ್ಪದೆ ದಂಡ ಹಾಕಿತು. ಅದೇ ದಿನ ಅವಳು ಮತ್ತೆ ಹೋಗಿ ಕೂತಳು. ವಾದಿಯ ಕಟಕಟೆಯಲ್ಲಿ ಇಲ್ಲದ ಜಾಗ ಆರೋಪಿಯ ಕಟಕಟೆಯಲ್ಲಿ ಸಿಕ್ಕಿತು.

ಸ್ವೀಡನ್ನಿಗೆ ಹವಾಮಾನ ಕಾಯ್ದೆಯೇ ಇದೆಯಲ್ಲ ಎಂದು ಓದುಗರು ಕೇಳಬಹುದು. ಇದೆ. 2018ರ ಜನವರಿ 1ರಿಂದ ಜಾರಿಯಲ್ಲಿದೆ. 2045ರ ಹೊತ್ತಿಗೆ ನಿವ್ವಳ ಹೊಗೆ ಸೊನ್ನೆಗೆ ಬರಬೇಕೆಂಬ ಗುರಿಗೆ ಸರಕಾರವನ್ನು ಕಟ್ಟಿಹಾಕಲು ಮಾಡಿದ ಕಾಯ್ದೆ. ಸರಕಾರ ಪ್ರತಿ ವರ್ಷ ವರದಿ ಕೊಡಬೇಕು, ನಾಲ್ಕು ವರ್ಷಕ್ಕೊಮ್ಮೆ ಯೋಜನೆ ಮಂಡಿಸಬೇಕು, ತಜ್ಞರ ಮಂಡಳಿಯೊಂದು ಅದನ್ನು ತೂಗಿ ನೋಡಬೇಕು. ತೂಕ ಕಡಿಮೆ ಬಂದರೆ? ಕಾಯ್ದೆ ಮೌನವಾಗಿದೆ. ದಂಡವಿಲ್ಲ. 2024ರ ಜನವರಿಯಿಂದ ಡೀಸೆಲ್‌ನಲ್ಲಿ ಸಸ್ಯಜನ್ಯ ಇಂಧನದ ಮೂಲಕ ಇಂಗಾಲ ಇಳಿಸಬೇಕಾದ ಕಡ್ಡಾಯ ಪ್ರಮಾಣವನ್ನು ಶೇಕಡ 30.5ರಿಂದ 6ಕ್ಕೆ ಸರಕಾರ ಇಳಿಸಿತು. ಕಾಯ್ದೆ ಅದನ್ನು ತಡೆಯಲಿಲ್ಲ, ತಡೆಯಲು ಅದಕ್ಕೆ ಕೈಯೂ ಇರಲಿಲ್ಲ. ಪೆಟ್ರೋಲ್ ಬಂಕಿನಲ್ಲಿ ದರ ಇಳಿದಾಗ ನಾನೂ ಖುಷಿಪಟ್ಟವರಲ್ಲಿ ಒಬ್ಬ; ಅದನ್ನು ಮುಚ್ಚಿಡುವುದೇನೂ ಬೇಡ.

ಕಳೆದ ಯುಗಾದಿಯ ಊಟಕ್ಕೆ ಸೇರಿದ್ದಾಗ ಈ ತೀರ್ಪಿನ ಮಾತು ಬಂತು. ಹೋಳಿಗೆ ಬಡಿಸುತ್ತಿದ್ದ ಗೆಳೆಯರೊಬ್ಬರು, "ನಮ್ಮಲ್ಲಾಗಿದ್ರೆ ಒಂದು ಪಿಐಎಲ್ ಹಾಕಿದ್ರೆ ಆಗ್ತಿತ್ತು ಕಣ್ರೀ. ಇವರಿಗೆ ಅಷ್ಟೂ ಇಲ್ಲ" ಎಂದರು. ಹೆಮ್ಮೆಯ ಮಾತು, ಪೂರ್ತಿ ಸುಳ್ಳೂ ಅಲ್ಲ. ಭಾರತದಲ್ಲಿ 1980ರ ದಶಕದಿಂದ 'ಬಾಧಿತನೇ ಬರಬೇಕು' ಎಂಬ ನಿಯಮ ಸಡಿಲವಾಗಿದೆ. ಬಳ್ಳಾರಿಯ ಕಬ್ಬಿಣದ ಅದಿರಿನ ಅಕ್ರಮವನ್ನು 2009ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದದ್ದು ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ. ಅವರ ಹೊಲದಲ್ಲಿ ಯಾರೂ ಗಣಿ ತೋಡಿರಲಿಲ್ಲ. ಆ ಕಾರಣಕ್ಕೆ ಅವರನ್ನು ಯಾರೂ ಬಾಗಿಲಲ್ಲಿ ತಡೆಯಲಿಲ್ಲ, 2013ರಲ್ಲಿ ಗಣಿ ಗುತ್ತಿಗೆಗಳೇ ರದ್ದಾದವು. ಇಂಥ ಅರ್ಜಿಯನ್ನು ಸ್ವೀಡನ್ನಿನಲ್ಲಿ ಊಹಿಸುವುದೂ ಕಷ್ಟ.

ಆದರೆ ಆ ಹೆಮ್ಮೆಯ ಜೊತೆಗೆ ಇನ್ನೊಂದು ಕಥೆಯನ್ನೂ ಹೇಳಬೇಕಾಗುತ್ತದೆ. 2024ರ ಮಾರ್ಚ್ 21ರಂದು ಭಾರತದ ಸುಪ್ರೀಂ ಕೋರ್ಟ್, ಹವಾಮಾನ ಬದಲಾವಣೆಯ ದುಷ್ಪರಿಣಾಮಗಳಿಂದ ಮುಕ್ತವಾಗಿರುವ ಹಕ್ಕು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲಿ ಅಡಕವಾಗಿದೆ ಎಂದಿತು. ನಮ್ಮ ಪತ್ರಿಕೆಗಳು ಇದನ್ನು ಸಂಭ್ರಮದಿಂದಲೇ ಬರೆದವು. ಯಾವ ಪ್ರಕರಣದಲ್ಲಿ ಹೀಗೆ ಹೇಳಿತು ಎನ್ನುವುದರ ಮೇಲೆ ಅಷ್ಟು ಬೆಳಕು ಬೀಳಲಿಲ್ಲ. ಅದು ಎಂ.ಕೆ. ರಂಜಿತ್‌ಸಿನ್ಹ್ ಅವರ ಅರ್ಜಿ, ಗ್ರೇಟ್ ಇಂಡಿಯನ್ ಬಸ್ಟರ್ಡ್ ಎಂಬ ದೊಡ್ಡ ಹಕ್ಕಿಯ ಪರವಾಗಿ ಹಾಕಿದ್ದು. ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದಿರುವ ಹಕ್ಕಿ ಅದು. ರಾಜಸ್ಥಾನ, ಗುಜರಾತಿನ ಬಯಲಿನಲ್ಲಿ ಸೋಲಾರ್ ವಿದ್ಯುತ್ತಿನ ತಂತಿಗೆ ಬಡಿದು ಸಾಯುತ್ತಿವೆ, ತಂತಿಯನ್ನು ನೆಲದೊಳಗೆ ಹಾಕಿ ಎಂದು ಕೇಳಿದ್ದರು. 2021ರ ಏಪ್ರಿಲ್‌ನಲ್ಲಿ ಕೋರ್ಟ್ ಒಪ್ಪಿತ್ತು. ದೇಶಕ್ಕೆ ಸೂರ್ಯನ ವಿದ್ಯುತ್ ತುರ್ತಾಗಿ ಬೇಕು, ಈ ಆದೇಶ ಅದಕ್ಕೆ ಅಡ್ಡಿ ಎಂದು ಸರಕಾರ ಬಂದು ಹೇಳಿದ ಮೇಲೆ 2024ರಲ್ಲಿ ಆ ಆದೇಶವನ್ನು ಸಡಿಲಿಸಿ ವಿಷಯವನ್ನು ತಜ್ಞರ ಸಮಿತಿಗೆ ಒಪ್ಪಿಸಿತು. ಹಾಗೆ ಸಡಿಲಿಸುವಾಗ ಕೊಟ್ಟ ಕಾರಣಗಳ ನಡುವೆ ಹುಟ್ಟಿದ್ದು ಈ ಹೊಸ ಹಕ್ಕು.

ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಸ್ಟಾಕ್‌ಹೋಮಿನಲ್ಲಿ ಆರುನೂರು ಜನ ಹಕ್ಕು ಕೇಳಿಕೊಂಡು ಬಂದರು, ಒಳಗೆ ಬಿಡಲಿಲ್ಲ. ದಿಲ್ಲಿಯಲ್ಲಿ ಯಾರೂ ಕೇಳದೆಯೇ ಹಕ್ಕು ಸಿಕ್ಕಿತು, ಮತ್ತು ಕೇಳಲು ಬಂದಿದ್ದ ಹಕ್ಕಿಯ ಪರದವರು ಇದ್ದುದರಲ್ಲಿ ಒಂದಷ್ಟನ್ನು ಬಿಟ್ಟುಕೊಟ್ಟು ಹೋದರು. ರಿಧಿಮಾ ಪಾಂಡೆ ಎಂಬ ಉತ್ತರಾಖಂಡದ ಹುಡುಗಿ 2017ರಲ್ಲಿ, ಒಂಬತ್ತನೇ ವಯಸ್ಸಿನಲ್ಲಿ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ನೇರವಾಗಿ ಇದೇ ವಿಷಯಕ್ಕೆ ಹೋಗಿದ್ದಳು. 2019ರ ಜನವರಿಯಲ್ಲಿ ಮಂಡಳಿ ಅದನ್ನು ಮುಗಿಸಿಬಿಟ್ಟಿತು. ಪ್ಯಾರಿಸ್ ಒಪ್ಪಂದವನ್ನು ಸರಕಾರ ಲೆಕ್ಕಕ್ಕೆ ತೆಗೆದುಕೊಂಡಿಲ್ಲ ಎಂದು ಭಾವಿಸಲು ಕಾರಣವಿಲ್ಲ ಎಂಬುದು ಅದರ ನಿಲುವು. ಒಳಗೆ ಬಿಟ್ಟು ಕೂರಿಸಿ ಕಳಿಸುವುದೂ ಬಾಗಿಲಲ್ಲೇ ನಿಲ್ಲಿಸಿ ಕಳಿಸುವುದೂ ಹೊರಗೆ ಬಂದವರಿಗೆ ಎಷ್ಟು ಬೇರೆ? ಹೋಳಿಗೆಯ ಗೆಳೆಯರಿಗೆ ಇದನ್ನು ಹೇಳಿದೆ. "ನಿಮಗೆ ಎಲ್ಲದರಲ್ಲೂ ಹುಳುಕೇ ಕಾಣ್ತದೆ ಬಿಡಿ" ಎಂದು ತುಪ್ಪ ಹಾಕಿದರು.

ಸ್ವೀಡನ್ ಕೋರ್ಟಿನ 'ಸಂಘ ಬಂದರೆ ನೋಡೋಣ' ಎಂಬ ಮಾತು ಎಲ್ಲಿಂದ ಬಂತೆಂಬುದನ್ನೂ ಹೇಳಬೇಕು. ಸ್ವಿಟ್ಜರ್‌ಲೆಂಡಿನ ಅಜ್ಜಿಯರಿಂದ ಬಂತು. ಎರಡು ಸಾವಿರಕ್ಕೂ ಹೆಚ್ಚು ವಯಸ್ಸಾದ ಹೆಂಗಸರು ಕಟ್ಟಿಕೊಂಡ ಸಂಘವೊಂದು, ಬಿಸಿಗಾಳಿಯಲ್ಲಿ ಮೊದಲು ಸಾಯುವವರು ನಾವು ಎಂದು ಸ್ಟ್ರಾಸ್‌ಬರ್ಗಿನ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಗಿ 2024ರ ಏಪ್ರಿಲ್ 9ರಂದು ಗೆದ್ದಿತು. ಸಂಘ ಗೆದ್ದಿತು ಎಂದೇ ಹೇಳಬೇಕು, ಏಕೆಂದರೆ ಜೊತೆಗೆ ಸ್ವಂತ ಹೆಸರಿನಲ್ಲಿ ಬಂದಿದ್ದ ನಾಲ್ವರು ಅಜ್ಜಿಯರ ಅರ್ಜಿಗಳನ್ನು ಅದೇ ಕೋರ್ಟ್ ಅಂಗೀಕರಿಸಲಿಲ್ಲ. ಅದೇ ದಿನ, ಸ್ವೀಡನ್ನೂ ಸೇರಿ ಮೂವತ್ತಕ್ಕೂ ಹೆಚ್ಚು ದೇಶಗಳ ಮೇಲೆ ಪೋರ್ಚುಗಲ್ಲಿನ ಆರು ಯುವಜನರು ಹೂಡಿದ್ದ ಪ್ರಕರಣ ಬಿದ್ದುಹೋಯಿತು. ಒಬ್ಬೊಬ್ಬರಾಗಿ ಬಂದರೆ ಇಲ್ಲದ ಹಕ್ಕು ರಿಜಿಸ್ಟರ್ ಮಾಡಿಸಿಕೊಂಡು ಬಂದರೆ ಇರುತ್ತದೆ! ಇದರಲ್ಲಿ ತರ್ಕವಿಲ್ಲವೆಂದಲ್ಲ, ಎಲ್ಲರೂ ಬಾಧಿತರಾದಾಗ ಎಲ್ಲರನ್ನೂ ಒಳಬಿಟ್ಟರೆ ಕೋರ್ಟು ಸಂತೆಯಾಗುತ್ತದೆ, ಸಂಘವೆಂಬ ಜರಡಿ ಇಟ್ಟರೆ ನಿಭಾಯಿಸಬಹುದು. ಆಡಳಿತದ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು ಎಂದು ನೇರವಾಗಿ ಹೇಳಿದ್ದರೆ ನನಗೆ ಬೇಸರವಿರುತ್ತಿರಲಿಲ್ಲ. ಅದನ್ನು 'ಯಾರು ನಿಜವಾಗಿ ಬಾಧಿತರು' ಎಂಬ ತತ್ವದಂತೆ ಹೇಳುವುದು ಇರುಸುಮುರುಸು ತರುತ್ತದೆ.

ಸರಕಾರಕ್ಕೆ ಕೋರ್ಟು ಆದೇಶ ಕೊಡಲಾಗದು, ಅದು ನಿಧಾನವಾಗಿ, ಎಲ್ಲವನ್ನೂ ತೂಗಿ ನಡೆಯುವ ವ್ಯವಸ್ಥೆ ಎಂಬ ಮಾತು ಕೇಳಿದಾಗಲೆಲ್ಲ ನನಗೆ ಗೋಟ್‌ಲಾಂಡ್ ದ್ವೀಪದ ಸ್ಲೀಟೆ ನೆನಪಾಗುತ್ತದೆ. ಅಲ್ಲಿರುವ ಸಿಮೆಂಟ್ ಕಾರ್ಖಾನೆ ದೇಶಕ್ಕೆ ಬೇಕಾದ ಸಿಮೆಂಟಿನ ಮುಕ್ಕಾಲು ಪಾಲನ್ನು ತಯಾರಿಸುತ್ತಿತ್ತು. ದೇಶದ ಅತಿ ದೊಡ್ಡ ಇಂಗಾಲದ ಚಿಮಣಿಗಳಲ್ಲಿ ಅದೂ ಒಂದು. ಗೋಟ್‌ಲಾಂಡ್ ಸುಣ್ಣದ ಕಲ್ಲಿನ ನೆಲ, ಮೇಲೆ ತೆಳುವಾದ ಮಣ್ಣು. ನೀರು ನಿಲ್ಲುವುದಿಲ್ಲ. ಬೇಸಿಗೆಯಲ್ಲಿ ತೋಟಕ್ಕೆ ನೀರು ಬಿಡಬೇಡಿ ಎಂಬ ನಿರ್ಬಂಧ ಅಲ್ಲಿಯವರಿಗೆ ಹೊಸತಲ್ಲ, ಸಮುದ್ರದ ನೀರನ್ನು ಸಿಹಿ ಮಾಡುವ ಘಟಕಗಳೂ ಬಂದಿವೆ. 2021ರ ಜುಲೈ 6ರಂದು ಪರಿಸರ ವಿಷಯದ ಮೇಲ್ಮನವಿ ನ್ಯಾಯಾಲಯ ಕಂಪನಿಯ ಗಣಿಗಾರಿಕೆ ಅರ್ಜಿಯನ್ನು ಹಿಂದಕ್ಕೆ ಕಳಿಸಿತು. ಕಲ್ಲು ತೋಡಿದರೆ ಅಂತರ್ಜಲಕ್ಕೆ ಏನಾಗುತ್ತದೆ ಎಂಬ ಅಧ್ಯಯನ ಸಾಲದು ಎಂಬುದು ಕಾರಣ. ಹಳೆಯ ಪರವಾನಗಿ ಅಕ್ಟೋಬರ್ ಕೊನೆಗೆ ಮುಗಿಯುವುದಿತ್ತು.

ಆಮೇಲೆ ನಡೆದದ್ದು ಈ ದೇಶದ ವೇಗಕ್ಕೆ ತಕ್ಕದ್ದಾಗಿರಲಿಲ್ಲ. ಸಾಮಾನ್ಯವಾಗಿ ಇಲ್ಲಿ ಒಂದು ಕಾನೂನು ತಿದ್ದಲು ಆಯೋಗ, ವರದಿ, ಅಭಿಪ್ರಾಯ ಸಂಗ್ರಹ ಎಂದು ವರ್ಷಗಳೇ ಹಿಡಿಯುತ್ತವೆ. ಈ ಸಲ ಬೇಸಿಗೆ ರಜೆ ಮುಗಿಯುವುದರೊಳಗೆ ಕರಡು ಸಿದ್ಧವಾಯಿತು. ಮಸೂದೆಗಳನ್ನು ಮೊದಲೇ ಪರಿಶೀಲಿಸುವ ನ್ಯಾಯಾಧೀಶರ ಮಂಡಳಿ, ಲಾಗ್‌ರೋಡೆಟ್, ಇದನ್ನು ಒಪ್ಪಲಾಗದು ಎಂದಿತು. ಆದರೂ ಸೆಪ್ಟೆಂಬರ್ ಕೊನೆಯಲ್ಲಿ ಸಂಸತ್ತು ಅಂಗೀಕರಿಸಿತು. ನವೆಂಬರ್‌ನಲ್ಲಿ ಸರಕಾರ ತಾನೇ ಪರವಾನಗಿ ಕೊಟ್ಟಿತು. ಸಿಮೆಂಟ್ ನಿಂತರೆ ಮನೆ, ಸೇತುವೆ, ಕೆಲಸ ಎಲ್ಲವೂ ನಿಲ್ಲುತ್ತವೆ ಎಂಬ ಭಯ ಸುಳ್ಳಾಗಿರಲಿಲ್ಲ. ಆ ಭಯದಲ್ಲಿ ಒಂದು ಸರಕಾರ ನಾಲ್ಕೂವರೆ ತಿಂಗಳಲ್ಲಿ ಕೋರ್ಟಿನ ಮಾತನ್ನು ದಾಟಿ ಹೋಗಬಹುದಾದರೆ, ಔರೋರಾದ ಮಕ್ಕಳು ಕೇಳಿದ್ದು ಆ ಬಗೆಯ ಭಯವನ್ನೇ. ಯಾವುದು ತುರ್ತು ಎನ್ನುವುದನ್ನು ಯಾರು ಗುರುತಿಸಬೇಕು ಎಂಬ ಪ್ರಶ್ನೆಯನ್ನು ತೀರ್ಪು ಮುಟ್ಟದೆ ಬಿಟ್ಟಿದೆ. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ನಮ್ಮ ಗಾದೆ ಸ್ವೀಡಿಶ್‌ನಲ್ಲೂ ಬೇರೆ ರೂಪದಲ್ಲಿ ಇದ್ದೀತು.

ಇಷ್ಟೆಲ್ಲ ದೊಡ್ಡ ಪ್ರಕರಣಗಳ ಮಾತು. ಹವೆ ಬದಲಾಗಿ ಹುಟ್ಟುವ ಜಗಳಗಳಲ್ಲಿ ಬಹುಪಾಲು ಹೀಗೆ ಹಕ್ಕಿನ ಭಾಷೆಯಲ್ಲಿ ಬರುವುದೇ ಇಲ್ಲ. ದಿನಾಂಕ, ಅಂಕಿ, ಅಳತೆಯ ಭಾಷೆಯಲ್ಲಿ ಬರುತ್ತವೆ. ನನ್ನದು ಶಿರಸಿ ಕಡೆಯ ಅಡಿಕೆ ತೋಟದ ಮನೆತನ. ಮಳೆ ಬಿಡುವು ಕೊಡದೆ ಹೊಯ್ದರೆ ಕೊನೆಗೌಡರು ಮರ ಹತ್ತಿ ಬೋರ್ಡೋ ಮದ್ದು ಹೊಡೆಯಲಾಗುವುದಿಲ್ಲ, ಕೊಳೆ ಬಂದು ಕಾಯಿ ಉದುರುತ್ತದೆ. ಇದಕ್ಕೆ ಹವಾಮಾನ ಆಧಾರಿತ ಬೆಳೆ ವಿಮೆ ಬಂದಿದೆ. ಪರಿಹಾರ ನಿಂತಿರುವುದು ಉದುರಿದ ಕಾಯಿಯ ಮೇಲಲ್ಲ, ಪಂಚಾಯಿತಿಯ ಮಳೆಮಾಪಕ ದಾಖಲಿಸಿದ ಅಂಕಿಯ ಮೇಲೆ. ಒಂದು ವರ್ಷ ತಮ್ಮ ಫೋನ್ ಮಾಡಿ, "ಅಣ್ಣಾ, ತೋಟದಲ್ಲಿ ಕಾಲಿಡೋಕೆ ಆಗ್ತಿಲ್ಲ, ಅವರ ಲೆಕ್ಕದಲ್ಲಿ ಮಳೆಯೇ ಆಗಿಲ್ವಂತೆ" ಎಂದ. ಮಾಪಕ ಕೆಟ್ಟಿತ್ತೋ, ಗುಡ್ಡದ ಆಚೆ ಬಿಸಿಲಿತ್ತೋ. ಅರ್ಜಿ ಬರೆಯಲು ಕೂತರೆ ಯಾರ ಹೆಸರಿಗೆ ಬರೆಯಬೇಕೆಂದೇ ಅವನಿಗೆ ತಿಳಿಯಲಿಲ್ಲ.

ಕಾವೇರಿಯೂ ಮೂಲದಲ್ಲಿ ಇಂಥದ್ದೇ ಅಂಕಿಯ ಜಗಳ. 2007ರಲ್ಲಿ ನ್ಯಾಯಮಂಡಳಿ ಹಂಚಿದ್ದು 740 ಟಿಎಂಸಿ ನೀರನ್ನು, ಅದೂ 'ಸಾಮಾನ್ಯ ವರ್ಷ'ದಲ್ಲಿ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲಿಗೆ 14.75 ಟಿಎಂಸಿ ಸೇರಿಸಿ 284.75 ಮಾಡಿತು, ಬಿಳಿಗುಂಡ್ಲುವಿನಲ್ಲಿ ಹರಿಸಬೇಕಾದ್ದನ್ನು 177.25ಕ್ಕೆ ಇಳಿಸಿತು. ದಶಮಾಂಶದವರೆಗೆ ಇಷ್ಟು ಕರಾರುವಾಕ್ಕಾದ ಲೆಕ್ಕ ನಿಂತಿರುವುದು 'ಸಾಮಾನ್ಯ' ಎಂಬ ಒಂದು ವಿಶೇಷಣದ ಮೇಲೆ. ಸಂಕಷ್ಟದ ವರ್ಷ ಬಂದರೆ ಅದೇ ಪ್ರಮಾಣದಲ್ಲಿ ಹಂಚಿಕೊಳ್ಳಿ ಎಂಬ ಸೂಚನೆ ಇದೆಯಾದರೂ ಹೇಗೆ ಎಂಬುದು ಬಗೆಹರಿದಿಲ್ಲ. 2023ರಲ್ಲಿ ಮುಂಗಾರು ಕೈಕೊಟ್ಟಾಗ ಅದೇ ಹಳೆಯ ದೃಶ್ಯ: ಪ್ರಾಧಿಕಾರದ ಆದೇಶ, ಮಂಡ್ಯದಲ್ಲಿ ಧರಣಿ, ಸೆಪ್ಟೆಂಬರ್ 26ಕ್ಕೆ ಬೆಂಗಳೂರು ಬಂದ್, 29ಕ್ಕೆ ಕರ್ನಾಟಕ ಬಂದ್. ಸಾಮಾನ್ಯ ವರ್ಷಗಳು ಅಪರೂಪವಾಗುತ್ತ ಹೋದರೆ ಈ ತೀರ್ಪು ಯಾವ ವರ್ಷಕ್ಕೆ ಅನ್ವಯಿಸಬೇಕು?

ಕಾವೇರಿಯ ಕಣಿವೆಯಿಂದ ಸ್ವೀಡನ್ನಿನ ಉತ್ತರಕ್ಕೆ ಬಹಳ ದೂರ, ಆದರೂ ಇಲ್ಲಿಯ ಕಾಯ್ದೆಯೊಂದು ಇದೇ ಬಗೆಯ ನಂಬಿಕೆಯ ಮೇಲೆ ನಿಂತಿದೆ. 1971ರ ಹಿಮಸಾರಂಗ ಸಾಕಣೆ ಕಾಯ್ದೆಯ ಪ್ರಕಾರ ಚಳಿಗಾಲದ ಮೇವಿನ ನೆಲಗಳಲ್ಲಿ ಸಾಮಿ ಜನರು ಹಿಮಸಾರಂಗಗಳನ್ನು ಅಕ್ಟೋಬರ್ 1ರಿಂದ ಏಪ್ರಿಲ್ 30ರವರೆಗೆ ಮೇಯಿಸಬಹುದು. ಹಿಮ ಬೀಳುವ, ಕರಗುವ ದಿನಗಳು ಬಹುಮಟ್ಟಿಗೆ ಆ ಗೆರೆಗಳೊಳಗೇ ಇರುತ್ತವೆ ಎಂಬ ಭರವಸೆಯಲ್ಲಿ ಬರೆದ ದಿನಾಂಕಗಳು ಇವು. ಈಗ ನಡು ಚಳಿಗಾಲದಲ್ಲಿ ಮಳೆ ಬೀಳುತ್ತದೆ. ಹಿಮದ ಮೇಲೆ ಬಿದ್ದ ಮಳೆ ರಾತ್ರಿ ಹೆಪ್ಪುಗಟ್ಟಿ ಗಾಜಿನ ಹಾಸಾಗುತ್ತದೆ. ಅಡಿಯಲ್ಲಿ ಕಲ್ಲುಹೂವಿನ ಜಾತಿಯ ಮೇವು ಇದ್ದರೂ ಹಿಮಸಾರಂಗದ ಗೊರಸಿಗೆ ಅದು ಒಡೆಯುವುದಿಲ್ಲ. ನಾವು ಮಸಾಲೆಗೆ ಹಾಕುವ ಕಲ್ಲುಹೂವು ಇದರ ದೂರದ ನೆಂಟ; ಒಮ್ಮೆ ಸುಟ್ಟರೆ ಮತ್ತೆ ಬೆಳೆಯಲು ದಶಕಗಳು ಬೇಕು. 2018ರ ಬೇಸಿಗೆಯಲ್ಲಿ ದೇಶದ ಸುಮಾರು 25,000 ಹೆಕ್ಟೇರ್ ಕಾಡು ಸುಟ್ಟು, ಇಟಲಿ ಫ್ರಾನ್ಸ್‌ಗಳಿಂದ ನೀರು ಸುರಿಯುವ ವಿಮಾನಗಳು ಬಂದಿದ್ದವು.

ಮೇವಿಲ್ಲದ ಹಿಂಡನ್ನು ಬೇರೆ ಕಡೆ ಹೊಡೆದುಕೊಂಡು ಹೋದರೆ ಅದು ಇನ್ನೊಬ್ಬರ ಖಾಸಗಿ ಕಾಡು. ಅಲ್ಲಿ ಹಕ್ಕು ಇದೆಯೆಂದು ತೋರಿಸಬೇಕು. ಕರಾವಳಿಯ ನೂರ್ಡ್‌ಮಾಲಿಂಗ್ ಎಂಬಲ್ಲಿ ನೂರಕ್ಕೂ ಹೆಚ್ಚು ಭೂಮಾಲಿಕರು ಇದೇ ವಿಷಯಕ್ಕೆ ಮೂರು ಸಾಮಿ ಗ್ರಾಮಸಂಘಗಳ ಮೇಲೆ ದಾವೆ ಹೂಡಿದ್ದರು. 2011ರಲ್ಲಿ ಸುಪ್ರೀಂ ಕೋರ್ಟ್, ಬಳಕೆಯಿಂದ ಬಂದ ಹಕ್ಕು ಇದೆ ಎಂದು ಸಾಮಿಗಳ ಪರ ತೀರ್ಪು ಕೊಟ್ಟಿತು. ಶಿರಸಿಯ ಸೊಪ್ಪಿನ ಬೆಟ್ಟ, ದಕ್ಷಿಣ ಕನ್ನಡದ ಕುಮ್ಕಿ ಗೊತ್ತಿರುವವರಿಗೆ ಈ ಬಗೆಯ ಹಕ್ಕು ಬಿಡಿಸಿ ಹೇಳಬೇಕಿಲ್ಲ: ಒಡೆತನ ಬೇರೆ, ಅನುಭೋಗ ಬೇರೆ. ಇಂಥ ಹಕ್ಕಿಗೆ ರುಜುವಾತು ಎಂದರೆ ಹಿಂದಿನವರ ನಡಿಗೆ. ಹವೆ ಬದಲಾದರೆ ಹಿಂದಿನವರು ನಡೆಯದ ದಾರಿಯಲ್ಲಿ ನಡೆಯಬೇಕಾಗುತ್ತದೆ, ಅದಕ್ಕೆ ಯಾವ ಮುತ್ತಜ್ಜನ ಸಾಕ್ಷಿ ತರುವುದು? ಹಳೆಯ ಬಳಕೆಯನ್ನು ಗೌರವಿಸುವ ಕಾನೂನು ಹೊಸ ಹವೆಯಲ್ಲಿ ಅವರನ್ನು ಹಳೆಯ ಜಾಗಕ್ಕೇ ಕಟ್ಟಿಹಾಕುತ್ತದೆ.

ಹವೆ ಉಳಿಸುವ ಕೆಲಸವೂ ಇದೇ ನೆಲಕ್ಕೆ ಕಣ್ಣು ಹಾಕಿದೆ. ನೆರೆಯ ನಾರ್ವೆಯ ಫೋಸೆನ್‌ನಲ್ಲಿ ನಿಲ್ಲಿಸಿದ 151 ಗಾಳಿಯಂತ್ರಗಳು ಸಾಮಿಗಳ ಸಂಸ್ಕೃತಿಯ ಹಕ್ಕನ್ನು ಉಲ್ಲಂಘಿಸಿವೆ ಎಂದು ಅಲ್ಲಿಯ ಸುಪ್ರೀಂ ಕೋರ್ಟ್ 2021ರ ಅಕ್ಟೋಬರ್ 11ರಂದು ಹೇಳಿತು. ಯಂತ್ರಗಳು ಮಾತ್ರ ತಿರುಗುತ್ತಲೇ ಇದ್ದವು. ತೀರ್ಪಿನ ಐನೂರನೇ ದಿನದ ಹೊತ್ತಿಗೆ ಸಾಮಿ ಯುವಜನರು ಆಸ್ಲೋದಲ್ಲಿ ಸಚಿವಾಲಯದ ಬಾಗಿಲಿಗೆ ಅಡ್ಡ ಕೂತಾಗ ಗ್ರೆಟಾ ಅವರ ಜೊತೆ ಇದ್ದಳು. ಹವಾಮಾನಕ್ಕಾಗಿ ಹೋರಾಡುವ ಹುಡುಗಿ ಗಾಳಿಯಂತ್ರಗಳ ವಿರುದ್ಧವೇ ಎಂದು ಕೆಲವರು ನಕ್ಕರು. ಶರಾವತಿ ಕಣಿವೆಯ ಪಂಪ್ಡ್ ಸ್ಟೋರೇಜ್ ಯೋಜನೆಗೆ ಬೇಡ ಎನ್ನುವ ನಮ್ಮವರನ್ನು ನೋಡಿಯೂ ಹೀಗೇ ನಗುವವರಿದ್ದಾರೆ.

ಔರೋರಾ ತೀರ್ಪು ತೆರೆದಿಟ್ಟ ಕಿಂಡಿಯಲ್ಲಿ ಮುಂದೆ ಯಾರು ಹೋಗಬಹುದು? ನನ್ನ ಊಹೆ ಸ್ಟಾಕ್‌ಹೋಮಿನ ಯುವಕರತ್ತ ಹೋಗುವುದಿಲ್ಲ. ದೇಶದಲ್ಲಿ 51 ಸಾಮಿ ಗ್ರಾಮಸಂಘಗಳಿವೆ. ಪ್ರತಿಯೊಂದೂ ಕಾನೂನಿನ ಕಣ್ಣಿನಲ್ಲಿ ಸಂಘವೇ. ತನ್ನ ಹೆಸರಿನಲ್ಲಿ ದಾವೆ ಹೂಡಬಲ್ಲದು. ಅದರ ಸದಸ್ಯರು ಯಾರೆಂದು ಗೊತ್ತು, ನೆಲ ಯಾವುದೆಂದು ಗೊತ್ತು, ಯಾವ ಚಳಿಗಾಲದಲ್ಲಿ ಯಾವ ಬಯಲಿನ ಮೇವು ಮಂಜುಗಡ್ಡೆಯ ಅಡಿ ಸಿಕ್ಕಿಕೊಂಡಿತೆಂದು ತೋರಿಸಬಹುದು. 'ಎಲ್ಲರಿಗೂ ಆದದ್ದೇ ನಿಮಗೂ ಆಗಿದೆ' ಎಂದು ಇವರಿಗೆ ಹೇಳುವುದು ಸುಲಭವಲ್ಲ. ಸಾಮಿನುವೊರ್ರಾವನ್ನು ತಡೆದದ್ದು ಐರೋಪ್ಯ ಒಕ್ಕೂಟದ ನಿಯಮ. ಸ್ವೀಡನ್ನಿನ ಕೋರ್ಟಿಗೆ ಈಗ ಸ್ಟ್ರಾಸ್‌ಬರ್ಗಿನ ಅಳತೆಗೋಲು ಇದೆ. 2025ರ ಜುಲೈ 23ರಂದು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯವೂ, ಹವೆಯನ್ನು ಕಾಪಾಡುವುದು ದೇಶಗಳ ಕಾನೂನುಬದ್ಧ ಹೊಣೆ ಎಂದು ಒಮ್ಮತದ ಅಭಿಪ್ರಾಯ ಕೊಟ್ಟಿದೆ.

ಅಡ್ಡಿ ಇರುವುದು ಕಾಲದ್ದು ಮತ್ತು ದುಡ್ಡಿನದ್ದು. ಬೇಟೆ ಮತ್ತು ಮೀನುಗಾರಿಕೆಗೆ ಪರವಾನಗಿ ಕೊಡುವ ಹಕ್ಕು ತಮ್ಮದೆಂದು ಗಿರ್ಯಾಸ್ ಗ್ರಾಮಸಂಘ 2009ರಲ್ಲಿ ಸರಕಾರದ ಮೇಲೆ ದಾವೆ ಹೂಡಿತು. ಯಾರ ನೆನಪೂ ಮುಟ್ಟದಷ್ಟು ಹಿಂದಿನಿಂದ ಬಂದ ಬಳಕೆ ಎಂಬ ಹಳೆಯ ಸ್ವೀಡಿಶ್ ತತ್ವದ ಮೇಲೆ ಸುಪ್ರೀಂ ಕೋರ್ಟಿನಲ್ಲಿ ಗೆದ್ದದ್ದು 2020ರ ಜನವರಿ 23ರಂದು. ಹನ್ನೊಂದು ವರ್ಷ. ಆ ಹನ್ನೊಂದು ವರ್ಷಗಳ ಒಳಗೇ, 2019ರ ಬೇಸಿಗೆಯ ಕೊನೆಯ ಅಳತೆಯಲ್ಲಿ, ಕೆಬ್ನೆಕೈಸೆಯ ದಕ್ಷಿಣ ಶಿಖರದ ಹಿಮ ಕರಗಿ ಅದು ಉತ್ತರ ಶಿಖರಕ್ಕಿಂತ ಗಿಡ್ಡವಾಗಿತ್ತು. ದೇಶದ ಅತಿ ಎತ್ತರದ ಜಾಗ ಯಾವುದೆಂಬ ಪ್ರಶ್ನೆಗೆ ಶಾಲೆಯ ಮಕ್ಕಳು ಈಗ ಬೇರೆ ಉತ್ತರ ಬರೆಯುತ್ತಾರೆ.